ಹಕಾರ ಎಲ್ಲಿ ಬರ್ತದೆ ಮೇಡಂ

ನಿವೃತ್ತಿಗೆ ಮೂರು ತಿಂಗಳಿರುವಾಗ ಗೊತ್ತಾಯಿತು, ನನ್ನ ಸೇವಾ ಪುಸ್ತಕದಲ್ಲಿ ಒಂದು ವರ್ಷದ ಪುಟಕ್ಕೆ ಸಹಿಯೇ ಇಲ್ಲ ಎಂದು. ಕನ್ನಡ ಮೇಡಂ ಆಗಿ ಮೂವತ್ತೊಂದು ವರ್ಷ ಊರೂರು ಸುತ್ತಿದ್ದೇನೆ. ಎಲ್ಲ ಊರಿನವರೂ ನೆಟ್ಟಗೆ ಸಹಿ ಹಾಕಿ ಕಳಿಸಿದ್ದಾರೆ. ತಪ್ಪಿಹೋಗಿದ್ದು ಪಾಂಡವಪುರದ ಒಂದೇ ಒಂದು ವರ್ಷ. ಯಾವ ವರ್ಷದ ಕಡೆ ತಿರುಗಿ ನೋಡಬಾರದು ಅಂದುಕೊಂಡಿದ್ದೆನೋ ಅದನ್ನೇ ಕಚೇರಿಯವರು ಹುಡುಕಿ ತೆಗೆದು ನನ್ನ ಕೈಗೆ ಕೊಟ್ಟಿದ್ದರು.

ಹೋದ ತಿಂಗಳು ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿಕೊಂಡು ಪಾಂಡವಪುರಕ್ಕೆ ಹೋಗಿಬಂದೆ. ಸಹಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಬಸ್ ನಿಲ್ದಾಣದ ಕಡೆಗೆ ವಾಪಸು ಬರುವಾಗ ಪಾತ್ರೆ ಅಂಗಡಿಗಳ ಬೀದಿಯಲ್ಲಿ ಕಾಲು ತಾನಾಗಿ ನಿಂತಿತು. ಒಬ್ಬ ಹೆಂಗಸು ಕಂಪ್ಯೂಟರಿನಲ್ಲಿ ಹೆಸರು ಒತ್ತುತ್ತಿದ್ದಳು. ಪಕ್ಕದ ಪೆಟ್ಟಿಗೆಯೊಳಗೆ ಸ್ಟೀಲ್ ತಟ್ಟೆಯ ಅಂಚಿನಲ್ಲಿ ಆ ಹೆಸರು ಮೂಡುತ್ತಿತ್ತು. ಸುಟ್ಟ ಲೋಹದ ಸಣ್ಣ ವಾಸನೆ ಬಂತು. ಆಗ ನಾನಿದ್ದ ಮನೆಯ ಯಜಮಾನ ನಂಜುಂಡಾಚಾರ್ರ ಅಂಗಿಯಿಂದ ದಿನಾ ಸಂಜೆ ಬರುತ್ತಿದ್ದ ವಾಸನೆ ಅದು.

ಹದಿನಾಲ್ಕು ವರ್ಷದ ಹಿಂದಿನ ಮಾತು. ದಾವಣಗೆರೆ ಕಡೆಯವಳಾದ ನನ್ನನ್ನು ಜೂನ್ ತಿಂಗಳಲ್ಲಿ ಪಾಂಡವಪುರದ ಹೈಸ್ಕೂಲಿಗೆ ಹಾಕಿದರು. ಆಚಾರ್ರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಅವರ ಅಪ್ಪ, ತಾತ ಎಲ್ಲ ಚಿನ್ನದ ಕೆಲಸದವರು. ಜನ ಒಡವೆಗೆ ಮೈಸೂರಿನ ದೊಡ್ಡ ಅಂಗಡಿಗಳಿಗೆ ಹೋಗತೊಡಗಿದ ಮೇಲೆ ಇವರು ಪಾತ್ರೆಗಳ ಮೇಲೆ ಹೆಸರು ಹಾಕುವ ಕೆಲಸಕ್ಕೆ ಇಳಿದಿದ್ದರು. ರಾಜಣ್ಣ ಎಂಬವರ ಪಾತ್ರೆ ಅಂಗಡಿಯ ಮುಂದೆ ಒಂದು ಮೇಜು, ಒಂದು ಸ್ಟೂಲು, ಗುಂಯ್‌ಗುಡುವ ಒಂದು ಕರೆಂಟಿನ ಪೆನ್ನು. ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲಿ ಬಗ್ಗಿ ಕೂತು ಬರೆಯುತ್ತಿದ್ದರು.

ಆ ಸೀಮೆಯಲ್ಲಿ ಹೆಸರಿಲ್ಲದ ಪಾತ್ರೆಯನ್ನು ಯಾರೂ ಯಾರಿಗೂ ಕೊಡುವುದಿಲ್ಲ. ಮದುವೆಗೆ ಮುಯ್ಯಿ ಕೊಟ್ಟ ಕೊಳದಪ್ಪಲೆಯಿಂದ ಹಿಡಿದು ತಿಥಿಯಲ್ಲಿ ಹಂಚುವ ಲೋಟದವರೆಗೆ ಎಲ್ಲದರ ಮೇಲೂ ಕೊಟ್ಟವರ ಹೆಸರೋ, ಹೋದವರ ಹೆಸರೋ ಇರಬೇಕು. ಯಾವ ಮನೆಯ ಅಡುಗೆಮನೆಗೆ ಹೋದರೂ ಪಾತ್ರೆಗಳ ಕಂಠ ನೋಡಿ ಆ ಮನೆಯ ನೆಂಟಸ್ತಿಕೆಯನ್ನೆಲ್ಲ ಹೇಳಬಹುದಿತ್ತು. ಅದರಲ್ಲಿ ಅರ್ಧಕ್ಕರ್ಧ ಆಚಾರ್ರ ಕೈಬರಹ. ದುಂಡು ದುಂಡಾದ, ತುಸು ಎಡಕ್ಕೆ ವಾಲಿದ, ಬಹಳ ಚಂದದ ಅಕ್ಷರಗಳು.

ನಾನು ಆಗ ಒಂದು ಚಟ ಹಚ್ಚಿಕೊಂಡಿದ್ದೆ. ಜೆರಾಕ್ಸ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ತಯಾರಾಗುತ್ತಿದ್ದ ನಾಲ್ಕು ಪುಟದ ವಾರಪತ್ರಿಕೆಗೆ ಊರಿನ ಸುದ್ದಿಗಳನ್ನು ಗೇಲಿ ಮಾಡಿ ಒಂದು ಅಂಕಣ ಬರೆಯುವ ಚಟ. ಹೆಸರು ಹಾಕುತ್ತಿರಲಿಲ್ಲ. ಹಾಕದಿದ್ದರೂ ಬರೆಯುವವಳು ಕನ್ನಡ ಮೇಡಂ ಎಂದು ಇಡೀ ಊರಿಗೆ ಗೊತ್ತಿತ್ತು. ನನಗೂ ಅದು ಗೊತ್ತಾಗಲಿ ಎಂಬ ಆಸೆಯೇ ಇತ್ತು. ಒಂಟಿ ಹೆಂಗಸು, ಪರಊರು, ಆದರೂ ಅಂಗಡಿ ಬೀದಿಯಲ್ಲಿ ನಡೆದರೆ ನಾಲ್ಕು ಜನ ನೋಡಿ ನಗುತ್ತಿದ್ದರು. ಅದರ ರುಚಿ ಹತ್ತಿದವರಿಗೆ ಬೇರೆ ಏನೂ ಬೇಡ.

ಬರೆಯುವುದಕ್ಕೆ ಸುದ್ದಿ ತಂದುಕೊಡುತ್ತಿದ್ದವರು ನಂಜುಂಡಾಚಾರ್ರೇ. ಬೀದಿಗೆ ಮುಖ ಮಾಡಿ ಕೂತವರಿಗೆ ಕಾಣದ್ದು ಏನಿರುತ್ತದೆ? ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಜಗಲಿಯ ಮೇಲೆ ಕೂತು, "ಮೇಡಂ, ಇವತ್ತು ಒಂದು ತಮಾಷೆ ಆಯ್ತು ಕಣ್ರೀ" ಎಂದು ಶುರು ಮಾಡುತ್ತಿದ್ದರು. ಅವರ ಹೆಂಡತಿ ಸರೋಜಮ್ಮ ಒಳಗಿನಿಂದ, "ಅಯ್ಯಪ್ಪ, ಸುರುವಾಯ್ತು ರೇಡಿಯೋ" ಅನ್ನುತ್ತಿದ್ದರು.

ಯಾವುದೋ ನಾಯಕರ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಶುಭ ಕೋರುವವರ ಸಾಲಿನಲ್ಲಿ ತಮ್ಮ ಮುಖ ಚಿಕ್ಕದಾಯಿತೆಂದು ಮುನಿಸಿಕೊಂಡು, ಒಬ್ಬರು ಪಕ್ಕದಲ್ಲೇ ತಮ್ಮದೊಂದೇ ಮುಖದ ಫ್ಲೆಕ್ಸು ಹಾಕಿಸಿದ ಸುದ್ದಿ ಅವರೇ ತಂದದ್ದು. ಹೊಸ ತಂಗುದಾಣ ಕಟ್ಟಿದ ಮೇಲೆ ಬಸ್ಸುಗಳು ನಲವತ್ತು ಮಾರು ಮುಂದೆ ನಿಲ್ಲತೊಡಗಿ, ಜನ ಬಿಸಿಲಲ್ಲಿ, ಮೇಕೆಗಳು ನೆರಳಲ್ಲಿ ನಿಂತ ಸುದ್ದಿಯೂ ಅವರದೇ. ಕ್ಯಾತನಹಳ್ಳಿ ಕಡೆ ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡಿತೆಂದು ಬೋನು ಇಟ್ಟು ಒಳಗೆ ಒಂದು ಬೀದಿನಾಯಿಯನ್ನು ಕಟ್ಟಿದ್ದರು. ಚಿರತೆ ಬರಲಿಲ್ಲ. ಪಾಪ ಎಂದು ಜನ ಎರಡು ಹೊತ್ತೂ ಮುದ್ದೆ ಹಾಕಿ ನಾಯಿ ಉಬ್ಬಿಹೋಯಿತು. ಕೊನೆಗೆ ಬಾಗಿಲು ತೆಗೆದರೂ ಅದು ಹೊರಗೆ ಬರಲಿಲ್ಲವಂತೆ. ವಸತಿ, ಊಟ, ಭದ್ರತೆ ಎಲ್ಲ ಇದ್ದು ಕೆಲಸವೇ ಇಲ್ಲದ ಹುದ್ದೆ ತಾಲ್ಲೂಕಿಗೆ ಇದೊಂದೇ ಎಂದು ನಾನು ಬರೆದೆ. ನಾಗಮಂಗಲದಿಂದಲೂ ಜನ ಫೋನು ಮಾಡಿ ನಕ್ಕರು ಎಂದು ಸಂಪಾದಕರು ಹೇಳಿದರು. ಆಚಾರ್ರು ಪತ್ರಿಕೆಯನ್ನು ಬೆರಳಿಟ್ಟು, ನಿಧಾನವಾಗಿ, ತುಟಿ ಅಲ್ಲಾಡಿಸಿಕೊಂಡು ಓದುತ್ತಿದ್ದರು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವರು.

"ಊರವರನ್ನೆಲ್ಲ ಬರ್ದ್ರಿ. ನಮ್ದೂ ಒಂದ್ಕಿತ ಬರೀರಿ ಮೇಡಂ" ಎಂದು ಒಂದು ಸಂಜೆ ಕೇಳಿದರು. ಕೇಳುವಾಗ ನಾಚಿಕೆಯಿಂದ ಅತ್ತ ತಿರುಗಿಕೊಂಡಿದ್ದರು.

ದೀಪಾವಳಿಗೆ ಮುಂಚೆ ಬರೆದೆ. ಅಲ್ಲಿನ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲು, ಹೊಲ ಒಲ. ಶಾಲೆಯಲ್ಲಿ ಬೆಳಗಿನಿಂದ ಸಂಜೆವರೆಗೆ ನನ್ನ ಕೆಂಪು ಶಾಯಿಯೆಲ್ಲ ಹಕಾರ ಹಚ್ಚುವುದಕ್ಕೇ ಖರ್ಚಾಗುತ್ತಿತ್ತು. ಆಚಾರ್ರು ಜನ ಬಾಯಲ್ಲಿ ಹೇಳಿದ ಹಾಗೇ ಬರೆಯುವವರು. ಹೊನ್ನಮ್ಮ ಅವರ ಕೈಯಲ್ಲಿ ಒನ್ನಮ್ಮ, ಹನುಮಂತೇಗೌಡರು ಅನುಮಂತೇಗೌಡ. ಮೂವತ್ತು ವರ್ಷದಲ್ಲಿ ಒಬ್ಬರಾದರೂ ಅದು ತಪ್ಪು ಅಂದಿರಲಿಲ್ಲ, ಅವರೂ ಹಾಗೆಯೇ ಅನ್ನುವವರಲ್ಲವೇ. ನಾನು ಅದನ್ನು ಹಿಡಿದುಕೊಂಡೆ. "ಸಮುದ್ರ ಹಾರಬೇಕಾದ ಹನುಮಂತ ನಮ್ಮ ಪಾತ್ರೆ ಬೀದಿಯಲ್ಲಿ ಅನುಮಂತನಾಗಿ ಆರಿ ಹೋಗಿದ್ದಾನೆ" ಎಂದು ಬರೆದು ನನಗೆ ನಾನೇ ನಕ್ಕೆ. ಆಚಾರ್ರ ಹೆಸರು ಹಾಕಿರಲಿಲ್ಲ. ಆದರೆ ಆ ಬೀದಿಯಲ್ಲಿ ಪಾತ್ರೆ ಮೇಲೆ ಬರೆಯುವವರು ಇನ್ಯಾರಿದ್ದರು?

ಬಹಳ ಜನ ಮೆಚ್ಚಿಕೊಂಡ ಬರಹ ಅದು. ಮೊದಲು ಆಚಾರ್ರೂ ನಕ್ಕರು. ಎರಡು ಪ್ರತಿ ಕೊಂಡು ತಂದು ಒಂದನ್ನು ದೇವರ ಗೂಡಿನ ಪಕ್ಕ ಇಟ್ಟರು. ಆದರೆ ಅಂಗಡಿ ಮುಂದೆ ಪಾತ್ರೆ ಹಿಡಿದು ಬಂದವರೆಲ್ಲ, "ಏನ್ ಆಚಾರ್ರೇ, ನಮ್ ಅನುಮಂತನ್ನೂ ಆರುಸ್ಬುಟ್ಟೀಯೆ, ನೋಡ್ಕಂಡ್ ಬರಿ" ಅನ್ನತೊಡಗಿದರು. ಬರೆಯುವಾಗ ತಲೆಯ ಮೇಲೆ ಬಗ್ಗಿ ನಿಂತು ನೋಡತೊಡಗಿದರು. ಚೀಟಿಯಲ್ಲಿ ಬರೆದು ತಂದು, ಹಾಗೇ ನಕಲು ಮಾಡಬೇಕೆಂದು ಎರಡೆರಡು ಸಲ ಹೇಳಿದರು. ಆಚಾರ್ರ ಕೈ ನಡುಗುತ್ತೆ ಎಂದು ರಾಜಣ್ಣ ನನ್ನ ಹತ್ತಿರವೇ ಹೇಳಿದರು, ಅದೂ ತಮಾಷೆಯಂತೆ. ನಾನು ಅದನ್ನು ವಯಸ್ಸಿನ ತಲೆಗೆ ಕಟ್ಟಿದೆ.

ಒಂದು ಸಂಜೆ ಆಚಾರ್ರು ಸುದ್ದಿ ತರಲಿಲ್ಲ. ಬದಲಿಗೆ ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ ಹೊಲಿದ ಒಂದು ಪುಸ್ತಕ ತಂದು ನನ್ನ ಮುಂದೆ ಇಟ್ಟರು.

"ಹಕಾರ ಎಲ್ಲೆಲ್ಲಿ ಬರ್ತದೆ, ಒಸಿ ಏಳ್ಕೊಡಿ ಮೇಡಂ" ಎಂದರು. ಹಕಾರ ಎಂಬ ಒಂದು ಪದವನ್ನು ಅವರು ಉಸಿರು ಕಟ್ಟಿ, ಎದೆಯಿಂದ ಎತ್ತಿ ಹೇಳಿದರು.

ಅಂದು ನನಗೆ ಅಳು ಬರಬೇಕಾಗಿತ್ತು. ಬರಲಿಲ್ಲ, ಹೆಮ್ಮೆಯಾಯಿತು. ಚಳಿಗಾಲವಿಡೀ ಪಾಠ ನಡೆಯಿತು. ಕಬ್ಬು ಹೇರಿದ ಟ್ರಾಕ್ಟರುಗಳು ಬೀದಿ ತುಂಬ ಸಾಲುಗಟ್ಟಿ ನಿಂತಿರುತ್ತಿದ್ದವು, ಸಂಜೆಗೇ ಮಂಜು ಇಳಿಯುತ್ತಿತ್ತು, ಸರೋಜಮ್ಮ ಹುರುಳಿಕಾಳು ಬಸ್ಸಾರಿನ ಒಗ್ಗರಣೆ ಹಾಕುತ್ತಿದ್ದರು. ಆಚಾರ್ರು ಜಗಲಿಯ ಮೇಲೆ ಕಂಬಳಿ ಹೊದ್ದು ಹಳ್ಳಿ, ಹಸು, ಹಬ್ಬ, ಹೆಸರು ಎಂದು ಬರೆಯುತ್ತಿದ್ದರು. ಐವತ್ತೆಂಟು ವರ್ಷದ ಮನುಷ್ಯ. ನಿಯಮ ಏನು ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಚಿನ್ನದ ಕೆಲಸದಲ್ಲಿ ಪ್ರತಿಯೊಂದಕ್ಕೂ ಒಂದು ಲೆಕ್ಕ ಇರುತ್ತದೆ, ಇದಕ್ಕೂ ಇರಲೇಬೇಕು ಎಂಬುದು ಅವರ ನಂಬಿಕೆ. ಹಕಾರಕ್ಕೆ ಎಲ್ಲಿಯ ನಿಯಮ? ಗೊತ್ತಿದ್ದವರಿಗೆ ಗೊತ್ತು, ಇಲ್ಲದವರಿಗೆ ಇಲ್ಲ. ಬೇಸತ್ತು ಒಂದು ದಿನ, "ನಿಮ್ಮ ಬಾಯಲ್ಲಿ ಬರೋ ಅ, ಆ, ಒ, ಓ ಎಲ್ಲ ಅರ್ಧಕ್ಕರ್ಧ ಹಕಾರವೇ ಆಚಾರ್ರೇ. ಅನುಮಾನ ಬಂದರೆ ನನ್ನ ಕೇಳಿ" ಎಂದೆ. ಅವರು ಅದನ್ನೂ ಬರೆದುಕೊಂಡರು.

ಫೆಬ್ರವರಿಯ ಕೊನೆಗೆ ಬಿಸಿಲು ಏರಿತು. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ನಡೆಯುತ್ತಿತ್ತು. ಒಂದು ಬೆಳಿಗ್ಗೆ ನಾನು ಉತ್ತರಪತ್ರಿಕೆಯ ಕಟ್ಟು ಕಂಕುಳಲ್ಲಿ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದೆ. ಆಚಾರ್ರು ಕಿಟಕಿಯ ಹತ್ತಿರ ಬಂದರು.

"ಮೇಡಂ, ಒಂದು ಮಾತು. ಅರಸು ಅನ್ನೋದಕ್ಕೆ ಹಕಾರ ಬರ್ತದಾ?"

"ಬರದೇ ಏನು? ಹರಸು. ದೇವರು ಹರಸಲಿ ಅನ್ನಲ್ವಾ? ಹಕಾರ ಇರಲೇಬೇಕು."

"ಎಸ್ರುನಲ್ಲಿ ಬಂದ್ರೂವೆ ಅಂಗೇಯಾ?"

"ಎಲ್ಲಿ ಬಂದರೂ ಅಷ್ಟೇ ಆಚಾರ್ರೇ" ಎಂದು ಗೇಟು ದಾಟಿದೆ. ಒಂಬತ್ತು ತಿಂಗಳು ಬರೀ ಬಿಟ್ಟುಹೋದ ಹಕಾರವನ್ನೇ ಹುಡುಕಿ ಹುಡುಕಿ, ಅ ಎಂದು ಕೇಳಿದ ಕೂಡಲೇ ಹ ಎಂದು ತಿದ್ದುವುದು ನನ್ನ ಕಿವಿಗೆ ಅಂಟಿಹೋಗಿತ್ತು. ಅರಸು ಅಂದರೆ ರಾಜ. ಆ ಮನುಷ್ಯ ಸರಿಯಾಗಿಯೇ ಹೇಳಿದ್ದರು. ತಪ್ಪಾಗಿ ಕೇಳಿಸಿಕೊಂಡವಳು ನಾನು.

ಅಕ್ಕಿಹೆಬ್ಬಾಳಿನ ಒಂದು ಮನೆಯಲ್ಲಿ ಅರಸಮ್ಮ ಎಂಬ ತಾಯಿ ತೀರಿಕೊಂಡಿದ್ದರು. ಹನ್ನೊಂದನೇ ದಿನದ ತಿಥಿಗೆ ಬಂದವರಿಗೆ ಕೊಡಲು ಸ್ಟೀಲ್ ಡಬ್ಬಿ ಬೇಕು, ಮುಚ್ಚಳದ ಮೇಲೆ ಅವ್ವನ ಹೆಸರು ಇರಬೇಕು ಎಂದು ಮಕ್ಕಳು ಫೋನಿನಲ್ಲಿ ರಾಜಣ್ಣನಿಗೆ ಹೇಳಿದ್ದರು. ರಾಜಣ್ಣ ಬಾಯಿಮಾತಲ್ಲಿ ಆಚಾರ್ರಿಗೆ ಹೇಳಿದರು. ಚೀಟಿ ಇರಲಿಲ್ಲ. ಹಳೇ ಆಚಾರ್ರಾಗಿದ್ದರೆ ಕೇಳಿದ ಹಾಗೇ ಬರೆದುಬಿಡುತ್ತಿದ್ದರು, ಅದೊಂದು ಸಲ ಅದೇ ಸರಿಯಾಗಿರುತ್ತಿತ್ತು. ಆದರೆ ನಾನು ಅವರಿಗೆ ಅನುಮಾನಪಡುವುದನ್ನು ಕಲಿಸಿದ್ದೆ. ಎರಡು ದಿನ ಬೆನ್ನು ಬಗ್ಗಿಸಿ ಕೂತು, ಇನ್ನೂರು ಡಬ್ಬಿಯ ಮೇಲೂ ತಮ್ಮ ಚಂದದ ಅಕ್ಷರದಲ್ಲಿ ದಿವಂಗತ ಹರಸಮ್ಮ ಎಂದು ಬರೆದರು.

ತಿಥಿಯ ದಿನ ಸಂಜೆ ನಾನು ಶಾಲೆಯಿಂದ ಬರುವಾಗ ರಾಜಣ್ಣನ ಅಂಗಡಿ ಮುಂದೆ ಒಂದು ಜೀಪು ನಿಂತಿತ್ತು, ಸುತ್ತ ಜನ. ಎಳನೀರಿನ ಗಾಡಿಯ ಹತ್ತಿರ ನಿಂತು ನೋಡಿದೆ. ತಲೆ ಬೋಳಿಸಿಕೊಂಡ, ಬರಿಮೈ ಮೇಲೆ ಟವೆಲು ಹೊದ್ದ ಒಬ್ಬ ಗಂಡಸು ಕೈಯಲ್ಲಿ ಡಬ್ಬಿ ಹಿಡಿದು ನಿಂತಿದ್ದ. ಅವನು ಬೈಯುತ್ತಿದ್ದಾನೆ ಅಂದುಕೊಂಡೆ. ಅಳುತ್ತಿದ್ದ.

"ನಮ್ಮವ್ವ ಬದ್ಕಿರೋಗಂಟ ಯಾರ್ತಾವ್ಲೂ ಒಂದು ಕೇಳ್ದೋಳಲ್ಲ. ಈಗ ಡಬ್ಬಿಡಬ್ಬೀಲೂ ಅರ್ಸಮ್ಮ ಅರ್ಸಮ್ಮ ಅಂತ ಬೇಡ್ಕಳಂಗೆ ಬರ್ದಿದೀಯಲ್ಲೋ. ಪಂಕ್ತೀಲಿ ಕುಂತೋರು ಓದಿ ಓದಿ ನಗ್ತಾವ್ರೆ. ಪೇಪರ್ನಲ್ಲಿ ಬಂದಿತ್ತಲ್ಲ, ಅದೇ ಆಚಾರಿ ಕೆಲ್ಸ ಇದು ಅಂತವ್ರೆ. ನಮ್ಮವ್ವನ್ ತಿಥೀಲಿ ಕುಂತ್ಕೊಂಡ್ ನಗ್ತಾವ್ರೆ ಕಣಯ್ಯಾ."

ಅವನ ಬಾಯಲ್ಲಿ ಅರಸಮ್ಮ ಎಂಬ ಹೆಸರಿಗೂ ಹರಸು ಅಮ್ಮ ಎಂಬ ಬೇಡಿಕೆಗೂ ಒಂದೇ ಉಚ್ಚಾರ. ಅವನಿಗೆ ಆ ವ್ಯತ್ಯಾಸವನ್ನು ತೋರಿಸಿಕೊಟ್ಟವರು ಬೇರೆ ಯಾರೋ ಓದಿದವರು, ನನ್ನ ಅಂಕಣ ಓದುವಂಥವರು. ಪೇಪರ್ ಎಂಬ ಮಾತು ಕೇಳಿ ಒಂದು ಹೆಜ್ಜೆ ಹಿಂದೆ ಸರಿದೆ.

ರಾಜಣ್ಣ ಕೇಳಿದರು, "ನಿಂಗೆ ಯಾರ್ಲಾ ಏಳಿದ್ದು ಇಂಗೆ ಬರಿ ಅಂತ? ನಾನು ಅರಸಮ್ಮ ಅಂತ ತಾನೇ ಅಂದಿದ್ದು?"

ಆಚಾರ್ರು ತಲೆ ಎತ್ತಿದರು. ಜನರ ಸಂದಿಯಲ್ಲಿ ಅವರಿಗೆ ನಾನು ಕಂಡೆ. ಒಂದು ಗಳಿಗೆ ನನ್ನನ್ನು ನೋಡಿ ಕಣ್ಣು ಕೆಳಗೆ ಹಾಕಿದರು.

"ಯಾರೂ ಏಳ್ನಿಲ್ಲ. ನಾನೇ ಬರ್ದೆ. ತಪ್ಪಾಯ್ತು."

ನಾನಿದ್ದ ಜಾಗದಿಂದ ಅವರ ಮೇಜಿಗೆ ಹತ್ತು ಹೆಜ್ಜೆ ಇರಬಹುದು. ಆ ಹತ್ತು ಹೆಜ್ಜೆ ನಡೆದು, ಹೇಳಿದವಳು ನಾನು ಎಂದಿದ್ದರೆ ಮುಗಿಯುತ್ತಿತ್ತು. ಅರಸು, ಹರಸು ಗೊತ್ತಿಲ್ಲದ ಕನ್ನಡ ಮೇಡಂ ಎಂದು ನಾಳೆ ಸ್ಟಾಫ್ ರೂಮಿನಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ ನಗುತ್ತಾರೆ ಎಂಬುದು ಕಣ್ಣಿಗೆ ಕಟ್ಟಿತು. ವರ್ಷವಿಡೀ ಊರನ್ನು ನಗಿಸಿದವಳಿಗೆ ಊರು ನಗುವುದು ಹೇಗಿರುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು. ಹಿಂದಿನ ಗಲ್ಲಿಯಿಂದ ಮನೆಗೆ ಹೋದೆ. ನನ್ನ ಜೀವಮಾನದಲ್ಲಿ ಅಷ್ಟು ಹೇಡಿಯಾಗಿ ನಾನು ಇನ್ಯಾವತ್ತೂ ನಡೆದಿಲ್ಲ.

ಡಬ್ಬಿಗಳು ಗುಜರಿಗೆ ಹೋದವು. ಮೇಜು ಅಂಗಡಿಯ ಒಳಗೆ ಹೋಯಿತು. ಯುಗಾದಿಗೆ ಮುಂಚೆ ರಾಜಣ್ಣ ಮೈಸೂರಿನಿಂದ ಹೊಸ ಮಿಷನ್ನು ತರಿಸಿದರು. ಆಚಾರ್ರು ಜಗಲಿಯ ಮೇಲೆ ಕೂತಿರುತ್ತಿದ್ದರು, ಸುದ್ದಿ ಹೇಳುತ್ತಿರಲಿಲ್ಲ, ಪುಸ್ತಕವನ್ನೂ ತೆಗೆಯುತ್ತಿರಲಿಲ್ಲ. ಆ ವಾರ ನಾನು ತೊಣ್ಣೂರು ಕೆರೆಗೆ ಬರುವ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಭಂಗಿಗಳ ಬಗ್ಗೆ ಬರೆದೆ. ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು.

ಏಪ್ರಿಲ್‌ನಲ್ಲಿ ವರ್ಗ ಕೇಳಿದೆ, ಮೇ ಕೊನೆಗೆ ಸಿಕ್ಕಿತು. ಹೊರಡುವ ದಿನ ಆಚಾರ್ರೇ ನನ್ನ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಬಸ್ ನಿಲ್ದಾಣಕ್ಕೆ ಬಂದರು. ಬೇಡವೆಂದರೂ ಕೇಳಲಿಲ್ಲ. ಪಾತ್ರೆ ಬೀದಿಯನ್ನು ಬಿಟ್ಟು ಸುತ್ತುದಾರಿ ಹಿಡಿದರು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, "ಬರೀತಿರಿ ಮೇಡಂ, ಬುಡ್ಬ್ಯಾಡಿ" ಎಂದರು. ಹೇಳಬೇಕಾದ ಮಾತು ಬಿಟ್ಟು ಟಿಕೆಟ್ಟಿನ ಚಿಲ್ಲರೆ ಎಣಿಸಿದೆ. ಕಂಡಕ್ಟರು ಸೀಟಿ ಊದಿದ. ಆ ಪತ್ರಿಕೆಗೆ ಮತ್ತೆ ನಾನು ಬರೆಯಲಿಲ್ಲ.

ಹೋದ ತಿಂಗಳು ಆ ವಾಸನೆ ಬಂದ ಮೇಲೆ ಬಸ್ಸು ಹತ್ತಲಾಗಲಿಲ್ಲ. ಹಳೇ ಬೀದಿಗೆ ಹೋದೆ. ಸರೋಜಮ್ಮ ಜಗಲಿಯ ಮೇಲೆ ರವಿಕೆಗೆ ಹುಕ್ಸು ಹಾಕುತ್ತಿದ್ದರು. ಒಳಗೆ ಮಗಳ ಹೊಲಿಗೆ ಮಿಷನ್ನು ಓಡುತ್ತಿತ್ತು. ಗುರುತು ಹಿಡಿದರು. ಚಾಪೆ ಹಾಸಿದರು, ಕಾಫಿ ಕೊಟ್ಟರು. ಆಚಾರ್ರು ಹೋಗಿ ಒಂಬತ್ತು ವರ್ಷವಾಯಿತಂತೆ. ಎದೆನೋವು. ಡಬ್ಬಿಯ ಗಲಾಟೆಯಾದ ಮೇಲೆ ಬರೆಯುವ ಕೆಲಸವನ್ನು ಮತ್ತೆ ಹಿಡಿಯಲೇ ಇಲ್ಲ, ಹೆಸರು ಬರೆದ ಕೈಯಿಂದ ಬಾಳೆಎಲೆ ಕೊಯ್ದು ಹೋಟೆಲುಗಳಿಗೆ ಹಾಕುತ್ತಿದ್ದರಂತೆ.

ನಾನು ಹೇಳಿಬಿಟ್ಟೆ. "ಸರೋಜಮ್ಮ, ಆ ಡಬ್ಬಿ ವಿಷಯ. ಹಕಾರ ಹಾಕಿ ಅಂತ ಹೇಳಿದವಳು ನಾನು."

ಅವರ ಕೈಯ ಸೂಜಿ ನಿಲ್ಲಲಿಲ್ಲ. "ಗೊತ್ತು ಮೇಡಂ. ಅವತ್ತೇ ಗೊತ್ತು. ನಾನು ನಿಮ್ ಬಾಗ್ಲಿಗೆ ಬಂದು ಕೇಳ್ತೀನಿ ಅಂತ ಎದ್ದಿದ್ದೆ. ಅವ್ರೇ ಕೈ ಇಡ್ಕೊಂಡು ಕೂರ್ಸುದ್ರು. ಸುಮ್ಕಿರು ಕಣೇ, ನಂಗೆ ಜನ ನಕ್ಕು ನಕ್ಕು ಒಗ್ಗೋಗದೆ, ಆ ಎಣ್ಮಗ್ಳು ತಡ್ಕೊಳಾಕಿಲ್ಲ ಅಂದ್ರು."

ಕಾಫಿ ಲೋಟ ಕೆಳಗಿಟ್ಟೆ. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಸರೋಜಮ್ಮ ಇನ್ನೊಂದು ಹುಕ್ಸು ಹಾಕಿದರು.

"ಬರೀತೀನಿ ಸರೋಜಮ್ಮ. ತಪ್ಪು ನಂದು ಅಂತ, ಎಲ್ಲಾ ಬರೀತೀನಿ" ಎಂದೆ.

ಅವರು ದಾರ ಕಡಿದು ರವಿಕೆಯನ್ನು ಮಡಿಚಿಟ್ಟರು.

"ಬರೀರಿ. ನೀವು ಊರು ಬುಟ್ಮ್ಯಾಲೂ ನಾಕು ವರ್ಸ ವಾರವಾರ ಆ ಪೇಪರ್ ತರ್ಸೋರು ಮೇಡಂ. ಮೊದ್ಲಿಂದ ಕೊನೇಗಂಟ ಬೆರಳಿಟ್ಕೊಂಡು ಓದೋರು. ನೀವೇನಾದ್ರೂ ಬರ್ದಿದೀರಾ ಅಂತ."